ಹೊಸ ಮೀನನ್ನು ಮನೆಯ ನೀರಿಗೆ ಒಗ್ಗಿಸುವ ಕ್ರಮ

ಮನೆಯ ಚಾವಡಿಯಲ್ಲಿ ಗಾಜಿನ ತೊಟ್ಟಿಯೊಂದನ್ನಿಟ್ಟು ಬಣ್ಣದ ಮೀನುಗಳನ್ನು ಸಾಕುವ ವಾಡಿಕೆಯು ಪಟ್ಟಣಗಳಲ್ಲಿರುವಂತೆ ನಮ್ಮ ಮಲೆನಾಡಿನ ತೋಟದ ಮನೆಗಳಲ್ಲಿಯೂ ಈಗ ಉಂಟು. ಮಕ್ಕಳು ಬೇಡುವರು; ತಾಯ್ತಂದೆಗಳು ಬೆಂಗಳೂರಿಗೋ ಮಂಗಳೂರಿಗೋ ಹೋದಾಗ ನಾಲ್ಕಾರು ಮೀನುಗಳನ್ನು ಚೀಲದಲ್ಲಿ ಹಾಕಿಸಿ ತರುವರು. ಮೊದಲನೆಯ ದಿನ ಮನೆಯಲ್ಲೆಲ್ಲ ಸಂಭ್ರಮ. ಎರಡನೆಯ ದಿನ ಒಂದು ಮೀನು ಮೂಲೆ ಸೇರುವುದು. ಮೂರನೆಯ ಇಲ್ಲವೆ ನಾಲ್ಕನೆಯ ದಿನ ಅದು ಮೇಲೆ ತೇಲುವುದು; ವಾರ ಕಳೆಯುವಷ್ಟರಲ್ಲಿ ತೊಟ್ಟಿಯೇ ಬರಿದಾಗುವುದು. ಆಗ ಹಿರಿಯರು, “ಅಂಗಡಿಯವನು ರೋಗದ ಮೀನು ಕೊಟ್ಟ” ಎನ್ನುವರು. ಇಲ್ಲವೆ, “ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ” ಎಂದು ತೊಟ್ಟಿಯನ್ನು ಅಟ್ಟಕ್ಕೆ ಏರಿಸುವರು.

ಅಂಗಡಿಯವನ ತಪ್ಪು ಕೆಲವು ವೇಳೆ ಇರಬಹುದು. ಆದರೆ ಹೆಚ್ಚಿನ ಮನೆಗಳಲ್ಲಿ ಮೀನನ್ನು ಕೊಲ್ಲುವುದು ನೀರಿನ ಹಠಾತ್ ಬದಲಾವಣೆಯೇ. ಸಕಲೇಶಪುರದಿಂದ ಶಿರಾಡಿ ಘಾಟಿಗೆ ಹೋಗುವ ದಾರಿಯಲ್ಲಿರುವ ಹೆಗ್ಗದ್ದೆಯಂಥ ಊರುಗಳಲ್ಲಿ ಈ ಬದಲಾವಣೆಯು ಬಯಲುಸೀಮೆಯಲ್ಲಿರುವುದಕ್ಕಿಂತ ದೊಡ್ಡದು. ಆದುದರಿಂದ ಬೇರೆ ಕಡೆಯವರಿಗೆಂದು ಬರೆದ ಸೂಚನೆಗಳನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ಸಾಲದು. ಕಾರಣಗಳನ್ನು ಮೊದಲು ತಿಳಿದುಕೊಂಡರೆ ಕ್ರಮವು ತಾನಾಗಿಯೇ ನೆನಪಿನಲ್ಲಿ ನಿಲ್ಲುವುದು. ಈ ಪಾಠದಲ್ಲಿ ಮೊದಲು ಕಾರಣವನ್ನೂ ಅನಂತರ ಕ್ರಮವನ್ನೂ ವಿವರಿಸುವೆವು.

೧. ಮೀನಿನ ದೇಹವೂ ಅದರ ಸುತ್ತಲಿನ ನೀರೂ

ನಮಗೆ ಗಾಳಿ ಹೇಗೋ ಮೀನಿಗೆ ನೀರು ಹಾಗೆ ಎಂದು ಹೇಳುವುದುಂಟು. ಈ ಮಾತು ಅರ್ಧ ಮಾತ್ರ ನಿಜ. ಗಾಳಿಯು ನಮ್ಮ ಶ್ವಾಸಕೋಶವನ್ನು ಹೊಕ್ಕು ಹೊರಡುವುದು. ನೀರಾದರೋ ಮೀನಿನ ದೇಹದೊಳಕ್ಕೆ ಸದಾ ಜಿನುಗುತ್ತಲೇ ಇರುವುದು. ಇದರ ಕಾರಣವು ಹೀಗಿದೆ: ಸಿಹಿನೀರಿನ ಮೀನಿನ ರಕ್ತದಲ್ಲಿ ಲವಣಗಳು ಹೆಚ್ಚು, ಹೊರಗಿನ ನೀರಿನಲ್ಲಿ ಕಡಿಮೆ. ಕಿವಿರಿನ ಪೊರೆಯು ಬಹು ತೆಳುವಾದದ್ದು. ಲವಣ ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ನೀರು ಇಂಥ ಪೊರೆಯ ಮೂಲಕ ಹಾದುಹೋಗುವುದು ಪ್ರಕೃತಿನಿಯಮ. ಒಣದ್ರಾಕ್ಷಿಯನ್ನು ನೀರಿನಲ್ಲಿ ಹಾಕಿದರೆ ಅದು ಉಬ್ಬುವುದನ್ನು ಅಡಿಗೆಮನೆಯಲ್ಲಿ ಎಲ್ಲರೂ ನೋಡಿದ್ದಾರೆ. ಅದೂ ಈ ನಿಯಮದಿಂದಲೇ.

ಮೀನು ಒಣದ್ರಾಕ್ಷಿಯಂತೆ ಉಬ್ಬಿಹೋಗದಿರುವುದಕ್ಕೆ ಎರಡು ಅವಯವಗಳು ಹಗಲಿರುಳು ದುಡಿಯಬೇಕು. ಮೂತ್ರಪಿಂಡಗಳು ಒಳಬಂದ ನೀರನ್ನು ಹೊರಗೆ ಹಾಕುವುವು. ಕಿವಿರಿನಲ್ಲಿರುವ ವಿಶೇಷವಾದ ಜೀವಕೋಶಗಳು ಸುತ್ತಲಿನ ನೀರಿನಿಂದ ಲವಣಗಳನ್ನು ಹೆಕ್ಕಿ ರಕ್ತಕ್ಕೆ ಸೇರಿಸುವುವು. ಈ ಎರಡು ಕೆಲಸಗಳ ವೇಗವು ಮೀನು ವಾಸಿಸುವ ನೀರಿಗೆ ಹೊಂದಿಕೊಂಡಿರುತ್ತದೆ. ನೀರಿನಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಸಾಕಷ್ಟಿದ್ದರೆ ಕಿವಿರಿನ ಪೊರೆಯು ಬಿಗಿಯಾಗಿರುವುದು; ಅದು ಥಟ್ಟನೆ ಕಡಿಮೆಯಾದರೆ ಪೊರೆಯು ಸಡಿಲಗೊಂಡು ದೇಹದ ಲವಣಗಳು ಹೊರಕ್ಕೆ ಸೋರುವುವು. ಹೊಸ ನೀರಿಗೆ ತಕ್ಕಂತೆ ಈ ಅವಯವಗಳು ತಮ್ಮ ಕೆಲಸವನ್ನು ತಿದ್ದಿಕೊಳ್ಳಬಲ್ಲವು. ಆದರೆ ಅದಕ್ಕೆ ಗಂಟೆಗಳು ಸಾಲವು, ದಿನಗಳು ಬೇಕು. ಆ ದಿನಗಳನ್ನು ಮೀನಿಗೆ ಕೊಡುವುದನ್ನೇ ಒಗ್ಗಿಸುವುದೆಂದು ಕರೆಯುತ್ತೇವೆ.

ಕಡುನೀರಿನಿಂದ ಮೆದುನೀರಿಗೆ ಬಂದ ಮೀನು ಮೊದಲನೆಯ ದಿನವೇ ಸಾಯಬೇಕೆಂದಿಲ್ಲ. ಅದು ಒಂದೆರಡು ದಿನ ಈಜಾಡಿಕೊಂಡಿದ್ದು, ಲವಣಗಳನ್ನು ಸ್ವಲ್ಪಸ್ವಲ್ಪವಾಗಿ ಕಳೆದುಕೊಂಡು, ಮೂರನೆಯ ದಿನದ ಹೊತ್ತಿಗೆ ಸೋತುಹೋಗುವುದು. ಹೀಗಾಗಿ ಸಾವಿನ ಕಾರಣವು ಮನೆಯವರ ಕಣ್ಣಿಗೆ ಬೀಳುವುದಿಲ್ಲ.

೨. ಎರಡು ಊರಿನ ನೀರು

ಹೆಗ್ಗದ್ದೆಯ ಸುತ್ತಲಿನ ಸೀಮೆಯು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಪಶ್ಚಿಮಘಟ್ಟದ ನೆತ್ತಿಯು ಇಲ್ಲಿಯೇ ಇರುವುದರಿಂದ ಸಕಲೇಶಪುರದ ಕಡೆ ಬಿದ್ದ ಮಳೆಯು ಹೇಮಾವತಿಯನ್ನು ಸೇರಿ, ಗೊರೂರಿನ ಜಲಾಶಯವನ್ನು ಹಾದು, ಕಾವೇರಿಯ ಮೂಲಕ ಬಂಗಾಳಕೊಲ್ಲಿಗೆ ಹೋಗುವುದು. ಘಾಟಿಯ ಕಡೆ ಬಿದ್ದದ್ದು ಕೆಂಪುಹೊಳೆಯಾಗಿ ಇಳಿದು, ಕುಮಾರಧಾರೆಯನ್ನೂ ನೇತ್ರಾವತಿಯನ್ನೂ ಕೂಡಿ ಪಡುವಣ ಕಡಲಿಗೆ ಸೇರುವುದು. ಇಲ್ಲಿನ ಬಂಡೆಗಳು ಸುಣ್ಣಕಲ್ಲಲ್ಲ, ಮಳೆಯೋ ಧಾರಾಳ. ಆದುದರಿಂದ ಒರತೆ, ಹಳ್ಳ, ತೆರೆದ ಬಾವಿಗಳ ನೀರಿನಲ್ಲಿ ಕರಗಿದ ಲವಣಗಳು ಬಹಳ ಕಡಿಮೆ. ಈ ನೀರಿನಲ್ಲಿ ಸಾಬೂನು ಸುಲಭವಾಗಿ ನೊರೆಯುವುದು. ಬೇಳೆಯು ಬೇಗನೆ ಬೇಯುವುದು. ಹಂಡೆಯ ಒಳಗೆ ಬಿಳಿಯ ಪೊರೆ ಕಟ್ಟುವುದಿಲ್ಲ. ಇಂಥದನ್ನು ಮೆದುನೀರು ಎನ್ನುತ್ತೇವೆ.

ಬೆಂಗಳೂರಿನ ಅನೇಕ ಮೀನಿನ ಅಂಗಡಿಗಳಲ್ಲಿ ಬಳಸುವುದು ಕೊಳವೆಬಾವಿಯ ನೀರು. ಆಳದ ಬಂಡೆಗಳ ಸಂದಿನಲ್ಲಿ ಬಹುಕಾಲ ನಿಂತ ನೀರಾದುದರಿಂದ ಅದರಲ್ಲಿ ಲವಣಗಳು ಹೆಚ್ಚು. ಕರಗಿದ ಲವಣವನ್ನು ತಿಳಿಸುವ ಚಿಕ್ಕ ಮಾಪಕವೊಂದು ಈಗ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ಅದನ್ನು ಮಲೆನಾಡಿನ ಹಳ್ಳದ ನೀರಿನಲ್ಲಿ ಅದ್ದಿದರೆ ಅಂಕವು ಅನೇಕ ವೇಳೆ ನೂರಕ್ಕಿಂತ ಕೆಳಗೇ ನಿಲ್ಲುವುದು. ಕೊಳವೆಬಾವಿಯ ಕಡುನೀರಿನಲ್ಲಿ ಅದ್ದಿದರೆ ಹಲವು ನೂರಕ್ಕೆ ಏರುವುದು.

ಇಲ್ಲಿ ಒಂದು ಸಂದೇಹ ಬರಬಹುದು. ನಿಯಾನ್ ಟೆಟ್ರಾ ಮೊದಲಾದ ಮೀನುಗಳು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯವು. ಅಲ್ಲಿನ ನೀರೂ ಮೆದುವಾದದ್ದು. ಹಾಗಿದ್ದ ಮೇಲೆ ನಮ್ಮ ನೀರು ಅವಕ್ಕೆ ತವರಿನ ನೀರಿನಂತಲ್ಲವೇ? ಪೂರ್ವಜರ ನದಿಯನ್ನು ವಿಚಾರಿಸಿ ಫಲವಿಲ್ಲ. ಇಂದು ನಮ್ಮ ದೇಶದ ಅಂಗಡಿಗಳಿಗೆ ಬರುವ ಬಣ್ಣದ ಮೀನುಗಳಲ್ಲಿ ಬಹುಪಾಲು ಚೆನ್ನೈ ಬಳಿಯ ಕೊಳತ್ತೂರು ಮೊದಲಾದ ಸ್ಥಳಗಳ ಮೀನುಸಾಕಣೆಯ ತೊಟ್ಟಿಗಳಲ್ಲಿ ಹುಟ್ಟಿ ಬೆಳೆದವು. ಮೀನಿನ ದೇಹಕ್ಕೆ ಗೊತ್ತಿರುವುದು ಕಳೆದ ಕೆಲವು ವಾರಗಳ ನೀರು ಮಾತ್ರ. ಆದುದರಿಂದ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ, “ಈ ಮೀನು ಯಾವ ದೇಶದ್ದು?” ಎಂದಲ್ಲ, “ಈ ತೊಟ್ಟಿಗೆ ಯಾವ ನೀರು ಹಾಕುತ್ತೀರಿ? ಮೀನು ಬಂದು ಎಷ್ಟು ದಿನವಾಯಿತು?” ಎಂಬುದು.

೩. ಚೀಲದೊಳಗೆ ನಡೆಯುವ ಸಂಗತಿ

ಬೆಂಗಳೂರಿನಿಂದ ಹೆಗ್ಗದ್ದೆಗೆ ೨೦೦ ಕಿಲೋಮೀಟರಿಗೂ ಹೆಚ್ಚು ದೂರ. ಅಂಗಡಿಯಲ್ಲಿ ಚೀಲ ಕಟ್ಟಿದ್ದು ಮೊದಲ್ಗೊಂಡು ಮನೆಯಲ್ಲಿ ಬಿಚ್ಚುವ ತನಕ ಐದಾರು ಗಂಟೆಯಾದರೂ ಆಗುವುದು. ಅಷ್ಟು ಹೊತ್ತು ಮೀನು ಉಸಿರಾಡುತ್ತಲೂ ಮಲಿನವನ್ನು ವಿಸರ್ಜಿಸುತ್ತಲೂ ಇರುತ್ತದೆ. ಉಸಿರಿನಿಂದ ಇಂಗಾಲಾಮ್ಲವಾಯುವೂ ಕಿವಿರಿನಿಂದ ಅಮೋನಿಯವೂ ಚೀಲದ ನೀರಿಗೆ ಸೇರುವುವು.

ಅಮೋನಿಯವು ನೀರಿನಲ್ಲಿ ಎರಡು ರೂಪಗಳಲ್ಲಿರುವುದು. ಒಂದು ರೂಪವು ಕಿವಿರನ್ನು ಸುಲಭವಾಗಿ ಹೊಕ್ಕು ವಿಷವಾಗುವುದು. ಅಮೋನಿಯಂ ಎಂಬ ಇನ್ನೊಂದು ರೂಪವು ಅಷ್ಟೊಂದು ಹಾನಿಮಾಡದು. ಯಾವುದು ಎಷ್ಟಿರಬೇಕೆಂಬುದನ್ನು ನೀರಿನ ಆಮ್ಲ-ಕ್ಷಾರಗಳ ಪ್ರಮಾಣವು ನಿರ್ಣಯಿಸುವುದು. ಈ ಪ್ರಮಾಣವನ್ನು ಪಿ.ಎಚ್. ಎಂಬ ಅಂಕದಿಂದ ಸೂಚಿಸುವ ಪದ್ಧತಿಯನ್ನು ಡೆನ್ಮಾರ್ಕಿನ ಸೊರೆನ್ಸೆನ್ ಎಂಬ ರಸಾಯನಶಾಸ್ತ್ರಜ್ಞನು ೧೯೦೯ರಲ್ಲಿ ಬಳಕೆಗೆ ತಂದನು. ೭ ಎಂದರೆ ಸಮ, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ನೀರು ೨೫ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿದ್ದು ಅಂಕವು ೭ ಆಗಿದ್ದರೆ, ಸಾವಿರ ಪಾಲು ಅಮೋನಿಯದಲ್ಲಿ ವಿಷರೂಪವು ಸುಮಾರು ೬ ಪಾಲು. ಅಂಕವು ೮ ಆದರೆ ಸುಮಾರು ೫೪ ಪಾಲು. ಒಂದಂಕ ಏರಿದರೆ ವಿಷವು ಒಂಬತ್ತು ಪಾಲಾಯಿತು!

ಕಟ್ಟಿದ ಚೀಲದೊಳಗೆ ಇಂಗಾಲಾಮ್ಲವಾಯು ತುಂಬಿರುವುದರಿಂದ ನೀರು ಆಮ್ಲದ ಕಡೆಗೆ ವಾಲಿ, ಅಮೋನಿಯವು ಸೌಮ್ಯರೂಪದಲ್ಲಿಯೇ ಉಳಿಯುವುದು. ಪ್ರಯಾಣದ ತನಕ ಮೀನನ್ನು ಕಾಪಾಡುವುದು ಇದೇ. ಚೀಲದ ಬಾಯಿ ಬಿಚ್ಚಿದೊಡನೆ ಆ ವಾಯುವು ಹಾರಿಹೋಗುವುದು, ಪಿ.ಎಚ್. ಅಂಕವು ಏರುವುದು, ಸೌಮ್ಯವಾಗಿದ್ದ ಅಮೋನಿಯವು ವಿಷವಾಗಿ ಮಾರ್ಪಡುವುದು.

ಚೀಲವನ್ನು ಬಿಚ್ಚಿ, ಲೋಟದಿಂದ ಸ್ವಲ್ಪಸ್ವಲ್ಪವಾಗಿ ತೊಟ್ಟಿಯ ನೀರನ್ನು ಸುರಿಯುತ್ತ ಒಂದೆರಡು ಗಂಟೆ ಮೀನನ್ನು ಅದರಲ್ಲಿಯೇ ಇಡುವ ಪದ್ಧತಿಯನ್ನು ಅನೇಕರು ಉಪದೇಶಿಸುವರು. ಅಂಗಡಿಯು ಸಮೀಪದಲ್ಲಿದ್ದು ಮೀನು ಅರ್ಧ ಗಂಟೆಯಲ್ಲಿ ಮನೆ ಸೇರಿದರೆ ಈ ಪದ್ಧತಿಯು ಒಳ್ಳೆಯದೇ. ಅಷ್ಟರಲ್ಲಿ ಚೀಲದ ನೀರು ಕೆಟ್ಟಿರುವುದಿಲ್ಲ. ಆರು ಗಂಟೆ ಪ್ರಯಾಣ ಮಾಡಿ ಬಂದ ಮೀನನ್ನು ಮಾತ್ರ ಬಿಚ್ಚಿದ ಚೀಲದಲ್ಲಿ ಎರಡು ಗಂಟೆ ಇಡುವುದೆಂದರೆ ವಿಷದಲ್ಲಿ ನೆನೆಹಾಕಿದಂತೆ.

ಹಾಗಾದರೆ ಹೆಗ್ಗದ್ದೆಯ ಮನೆಯವರು ಇಕ್ಕಟ್ಟಿಗೆ ಸಿಕ್ಕಿದಂತಾಯಿತು. ಬೇಗನೆ ಬಿಟ್ಟರೆ ಮೆದುನೀರಿನ ಆಘಾತ. ನಿಧಾನಿಸಿದರೆ ಅಮೋನಿಯದ ವಿಷ. ಇದರಿಂದ ಪಾರಾಗಲು ದಾರಿ ಒಂದೇ: ಮೀನನ್ನು ನಮ್ಮ ನೀರಿಗೆ ಹೊಂದಿಸುವುದಕ್ಕೆ ಮುಂಚೆ ನಮ್ಮ ನೀರನ್ನು ಮೀನಿಗೆ ಹೊಂದಿಸುವುದು. ಅಂಗಡಿಯ ನೀರನ್ನು ಹೋಲುವ ನೀರು ಮನೆಯಲ್ಲಿ ಸಿದ್ಧವಾಗಿದ್ದರೆ ಮೀನನ್ನು ತಡಮಾಡದೆ ಅದಕ್ಕೆ ಬಿಡಬಹುದು. ಅನಂತರ ಆ ನೀರನ್ನು ವಾರಗಟ್ಟಲೆ ನಿಧಾನವಾಗಿ ಮನೆಯ ನೀರಾಗಿ ಮಾರ್ಪಡಿಸಬಹುದು.

ಈ ವಿಚಾರವು ಹೊಸದೇನೂ ಅಲ್ಲ. ಗಾಜಿನ ತೊಟ್ಟಿಯಲ್ಲಿ ಜಲಚರಗಳನ್ನಿಟ್ಟು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರಲ್ಲಿ ಮೊದಲಿಗಳು ಒಬ್ಬ ಸ್ತ್ರೀ ಎಂಬುದು ನಮ್ಮ ವಿದ್ಯಾರ್ಥಿನಿಯರಿಗೆ ತಿಳಿದಿರಲಿ. ಜಾನ್ ವಿಲ್‌ಪ್ರೋ ಪವರ್ ಎಂಬಾಕೆಯು ೧೭೯೪ರಲ್ಲಿ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಹುಟ್ಟಿ, ಪ್ಯಾರಿಸ್ ನಗರದಲ್ಲಿ ಹೊಲಿಗೆಯ ಕೆಲಸದಿಂದ ಜೀವಿಸುತ್ತಿದ್ದವಳು. ಮದುವೆಯಾದ ಮೇಲೆ ಸಿಸಿಲಿ ದ್ವೀಪದ ಮೆಸ್ಸೀನಾದಲ್ಲಿ ನೆಲಸಿ, ಅಷ್ಟಪದಿಯ ಜಾತಿಗೆ ಸೇರಿದ ಆರ್ಗೊನಾಟ್ ಎಂಬ ಪ್ರಾಣಿಯು ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುವುದೋ ಬೇರೆಯದರಿಂದ ಕಸಿದುಕೊಳ್ಳುವುದೋ ಎಂಬುದನ್ನು ಕಂಡುಹಿಡಿಯುವುದಕ್ಕಾಗಿ ೧೮೩೨ರಲ್ಲಿ ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿದಳು. ಮನೆಯೊಳಗಿಡುವ ಪೆಟ್ಟಿಗೆಯಲ್ಲದೆ ಕಡಲಿನಲ್ಲಿಯೇ ಇಳಿಬಿಡುವ ಪೆಟ್ಟಿಗೆಯನ್ನೂ ಲಂಗರು ಹಾಕಿ ನಿಲ್ಲಿಸುವ ಪಂಜರವನ್ನೂ ಆಕೆ ಬಳಸಿದಳು. ಪ್ರಾಣಿಯನ್ನು ಅದರ ಸ್ವಂತ ನೀರಿನಲ್ಲಿರಿಸಿ ನೋಡಿದುದರಿಂದಲೇ, ಅದು ತನ್ನ ಚಿಪ್ಪನ್ನು ತಾನೇ ಕಟ್ಟುವುದೆಂದು ಆಕೆ ಸಿದ್ಧಪಡಿಸಿ ತೋರಿಸಲು ಸಾಧ್ಯವಾಯಿತು.

೪. ಮೀನು ಬರುವುದಕ್ಕೆ ಮುಂಚಿನ ಸಿದ್ಧತೆ

ಮೊದಲನೆಯದಾಗಿ, ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಮೀನನ್ನು ತರಕೂಡದು. ಮೀನು ವಿಸರ್ಜಿಸುವ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ಅಷ್ಟು ಹಾನಿಯಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳುಂಟು. ರಷ್ಯದ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿಯು ೧೮೯೦ರ ಸುಮಾರಿಗೆ ಇವನ್ನು ಬೇರ್ಪಡಿಸಿ ತೋರಿಸಿದನು. ಇವು ಶೋಧಕದ ಸ್ಪಂಜಿನಲ್ಲಿಯೂ ಮರಳಿನಲ್ಲಿಯೂ ನೆಲಸಿ ಸಾಕಷ್ಟು ಹೆಚ್ಚಬೇಕಾದರೆ ನಾಲ್ಕರಿಂದ ಆರು ವಾರಗಳು ಬೇಕು. ನೀರು ತಣ್ಣಗಿದ್ದರೆ ಇನ್ನೂ ಹೆಚ್ಚು ಕಾಲ. ಮೆದುನೀರಿನಲ್ಲಿ ಇನ್ನೊಂದು ತೊಡಕುಂಟು: ಈ ಜೀವಿಗಳ ಕೆಲಸದಿಂದ ನೀರು ಮೆಲ್ಲಮೆಲ್ಲನೆ ಆಮ್ಲವಾಗುವುದು, ಅದನ್ನು ತಡೆಯುವ ಸುಣ್ಣದ ಅಂಶವು ನಮ್ಮ ನೀರಿನಲ್ಲಿ ಇಲ್ಲ. ಆದುದರಿಂದ ಶೋಧಕದೊಳಗೆ ತೊಳೆದ ಕಪ್ಪೆಚಿಪ್ಪಿನ ಚೂರುಗಳನ್ನು ಒಂದು ಹಿಡಿ ಇಡುವುದು ಒಳ್ಳೆಯದು. ಚಿಪ್ಪು ಸುಡದೆ ಇರತಕ್ಕದ್ದು. ಸುಟ್ಟ ಸುಣ್ಣವನ್ನು ಎಂದಿಗೂ ಹಾಕಕೂಡದು. ಅದು ನೀರನ್ನು ಕ್ಷಣದಲ್ಲಿ ಕಟುಕ್ಷಾರವನ್ನಾಗಿ ಮಾಡುವುದು.

ಎರಡನೆಯದಾಗಿ, ಹೊಸದಾಗಿ ಬಂದ ಮೀನು ತಂಗಲು ಬೇರೊಂದು ಚಿಕ್ಕ ತೊಟ್ಟಿಯು ಬೇಕು. ೪೦ ಲೀಟರಿನದಾದರೆ ಸಾಕು. ದೊಡ್ಡ ತೊಟ್ಟಿಯಲ್ಲಿ ಕೆಲವು ವಾರ ಓಡಿಸಿದ ಸ್ಪಂಜಿನ ಶೋಧಕವನ್ನು ಇದಕ್ಕೆ ತಂದಿಟ್ಟರೆ ಮೇಲೆ ಹೇಳಿದ ಜೀವಿಗಳೂ ಅದರೊಡನೆ ಬರುವುವು. ಈ ತೊಟ್ಟಿಗೆ ಅಂಗಡಿಯ ನೀರನ್ನು ಹೋಲುವ ನೀರು ಬೇಕಷ್ಟೆ. ಅದನ್ನು ಪಡೆಯುವ ಸುಲಭೋಪಾಯವೆಂದರೆ, ಅಂಗಡಿಯವರು ತಮ್ಮ ತೊಟ್ಟಿಗಳಿಗೆ ತುಂಬಿಸುವ ಕೊಳವೆಬಾವಿಯ ನೀರನ್ನೇ ೨೦ ಲೀಟರಿನ ಎರಡು ಕ್ಯಾನುಗಳಲ್ಲಿ ಕೇಳಿ ತರುವುದು. ಮೀನಿದ್ದ ತೊಟ್ಟಿಯ ನೀರು ಬೇಡ. ನಲ್ಲಿಯಿಂದ ಹಿಡಿದದ್ದು ಬೇಕು. ಪಟ್ಟಣದ ನಲ್ಲಿಯಲ್ಲಿ ಕ್ಲೋರಿನ್ ಬೆರಸಿದ ನೀರು ಬರುವುದಾದರೆ ಅದನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು, ಇಲ್ಲವೆ ಹೈಪೊ ಹರಳಿನ ದ್ರಾವಣದಿಂದ ಕ್ಲೋರಿನನ್ನು ಕಳೆಯಬೇಕು. ಸಾಧ್ಯವಾದರೆ ನೀರನ್ನು ಮೀನಿಗಿಂತ ಮುಂಚಿನ ಪ್ರಯಾಣದಲ್ಲಿಯೇ ತಂದಿಡುವುದು ಉತ್ತಮ.

ಮೂರನೆಯದಾಗಿ, ತಾಮ್ರದ ವಿಷಯವಾಗಿ ಎಚ್ಚರಿಕೆ. ತಾಮ್ರವು ಮೀನಿಗೆ ಕಡುವಿಷ. ಅದೂ ಮೆದುನೀರಿನಲ್ಲಿ ಅದರ ಉಪದ್ರವವು ಹಲವು ಪಾಲು ಹೆಚ್ಚು. ಸ್ನಾನದ ಮನೆಯ ತಾಮ್ರದ ಹಂಡೆಯಲ್ಲಿ ನಿಂತ ನೀರನ್ನಾಗಲಿ ಹಿತ್ತಾಳೆಯ ಕೊಡದಲ್ಲಿಟ್ಟ ನೀರನ್ನಾಗಲಿ ತೊಟ್ಟಿಗೆ ಸುರಿಯಕೂಡದು. ಕಾಫಿಯ ತೋಟಗಳಲ್ಲಿ ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವು ಮೈಲುತುತ್ತ ಮತ್ತು ಸುಣ್ಣದಿಂದ ಮಾಡಿದ್ದು. ಮೈಲುತುತ್ತವೆಂದರೆ ತಾಮ್ರದ ಲವಣವೇ. ಆದುದರಿಂದ ಸಿಂಪಡಿಸುವ ದಿನಗಳಲ್ಲಿಯೂ ಅದರ ಹಿಂದೆಯೇ ಬಂದ ಮಳೆಯಲ್ಲಿಯೂ ತೋಟದ ಕೆಳಗಿನ ಹಳ್ಳದ ನೀರನ್ನು ಮೀನಿಗೆ ಉಪಯೋಗಿಸದೆ, ಮೊದಲೇ ಪ್ಲಾಸ್ಟಿಕ್ ಇಲ್ಲವೆ ಉಕ್ಕಿನ ಪಾತ್ರೆಯಲ್ಲಿ ತುಂಬಿಟ್ಟದ್ದನ್ನು ಬಳಸತಕ್ಕದ್ದು. ಸೊಳ್ಳೆಯ ಔಷಧವನ್ನು ತೊಟ್ಟಿಯಿರುವ ಕೋಣೆಯಲ್ಲಿ ಸಿಂಪಡಿಸುವುದೂ ಮೀನಿಗೆ ಮಾರಕ.

೫. ಮೀನು ಮನೆಗೆ ಬಂದ ದಿನ

ಅಂಗಡಿಯಲ್ಲಿ ಮೀನನ್ನು ಆರಿಸುವಾಗ ಅದು ಚುರುಕಾಗಿದೆಯೇ, ರೆಕ್ಕೆಗಳನ್ನು ಬಿಚ್ಚಿಕೊಂಡಿದೆಯೇ, ಮೈಮೇಲೆ ಬಿಳಿಯ ಚುಕ್ಕೆಗಳಿವೆಯೇ ಎಂಬುದನ್ನು ನೋಡಬೇಕು. ಒಂದು ಮೀನು ಸೊರಗಿದ್ದರೂ ಆ ತೊಟ್ಟಿಯ ಯಾವ ಮೀನನ್ನೂ ಕೊಳ್ಳಬಾರದು. ಮುಂಚೆಯೇ ತಿಳಿಸಿ, ಪ್ರಯಾಣದ ಹಿಂದಿನ ದಿನ ಆಹಾರ ಹಾಕದಿರುವಂತೆ ಕೇಳಿಕೊಂಡರೆ ಚೀಲದ ನೀರು ಅಷ್ಟು ಬೇಗ ಕೆಡದು. ಚೀಲದಲ್ಲಿ ಮೂರರಲ್ಲಿ ಒಂದು ಪಾಲು ನೀರೂ ಎರಡು ಪಾಲು ಆಮ್ಲಜನಕವೂ ಇರಲಿ. ಅದನ್ನು ಥರ್ಮೋಕೋಲಿನ ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ಹಳೆಯ ಕಾಗದಗಳನ್ನು ತುರುಕಿದರೆ ಕುಲುಕಾಟವೂ ಚಳಿಯೂ ತಟ್ಟಲಾರವು. ಮಂಗಳೂರಿನಿಂದ ತರುವವರಿಗೆ ಒಂದು ಮಾತು: ಘಾಟಿಯನ್ನು ಏರಿದ ಹಾಗೆ ಹೊರಗಿನ ಗಾಳಿಯ ಒತ್ತಡವು ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯುವುದರಿಂದ ಚೀಲವು ಉಬ್ಬುವುದು. ಇದಕ್ಕೆ ಹೆದರಿ ದಾರಿಯಲ್ಲಿ ಬಾಯಿ ಬಿಚ್ಚಕೂಡದು. ಕಟ್ಟುವಾಗಲೇ ತುಸು ಸಡಿಲವಾಗಿ ಕಟ್ಟಿಸಿದರೆ ಸಾಕು.

ಮನೆ ಸೇರಿದ ಮೇಲೆ ಮಾಡತಕ್ಕ ಕ್ರಮವು ಹೀಗೆ:

(ಅ) ಕೋಣೆಯ ಮತ್ತು ತೊಟ್ಟಿಯ ದೀಪಗಳನ್ನು ಆರಿಸುವುದು. ಕತ್ತಲೆಯಿಂದ ಥಟ್ಟನೆ ಬೆಳಕಿಗೆ ಬಂದ ಮೀನು ಬೆದರುವುದು.

(ಆ) ಚೀಲದ ಹೊರಮೈಯನ್ನು ತೊಳೆದು, ಬಿಚ್ಚದೆಯೇ, ಚಿಕ್ಕ ತೊಟ್ಟಿಯ ನೀರಿನ ಮೇಲೆ ೧೫ರಿಂದ ೨೦ ನಿಮಿಷ ತೇಲಬಿಡುವುದು. ಇದರಿಂದ ಎರಡು ನೀರುಗಳ ಶಾಖವು ಒಂದಾಗುವುದು. ಮಾಗಿಯ ದಿನಗಳಲ್ಲಿ ತೊಟ್ಟಿಯ ನೀರನ್ನು ಕಾಯಿಸುವ ಸಾಧನದಿಂದ ಮೊದಲೇ ೨೪-೨೫ ಡಿಗ್ರಿಗೆ ತಂದಿರಬೇಕು. ಚಿನ್ನದ ಮೀನಾದರೆ ೨೦ ಡಿಗ್ರಿ ಸಾಕು.

(ಇ) ಬಲೆ, ಬಕೆಟ್ಟುಗಳನ್ನು ಕೈಗೆಟುಕುವಂತಿಟ್ಟುಕೊಂಡ ಮೇಲೆಯೇ ಚೀಲವನ್ನು ಬಿಚ್ಚುವುದು. ನೀರನ್ನು ಬಲೆಯ ಮೂಲಕ ಬಕೆಟ್ಟಿಗೆ ಸುರಿದು, ಬಲೆಯಲ್ಲಿ ನಿಂತ ಮೀನನ್ನು ಕೂಡಲೆ ತೊಟ್ಟಿಗೆ ಬಿಡುವುದು. ಚೀಲದ ನೀರು ಒಂದು ತೊಟ್ಟೂ ತೊಟ್ಟಿಗೆ ಬೀಳದಿರಲಿ.

(ಈ) ಆ ದಿನ ಆಹಾರ ಹಾಕಬಾರದು. ಮಕ್ಕಳು ಗಾಜನ್ನು ತಟ್ಟದಂತೆ ನೋಡಿಕೊಳ್ಳಬೇಕು. ಅವಿತುಕೊಳ್ಳುವುದಕ್ಕೆ ಒಂದು ಮಡಕೆಯ ಚೂರನ್ನೋ ನೀರುಗಿಡವನ್ನೋ ಇಟ್ಟಿದ್ದರೆ ಮೀನಿಗೆ ಧೈರ್ಯ.

೬. ಮುಂದಿನ ಮೂರು ವಾರಗಳು

ಮಾರನೆಯ ದಿನದಿಂದ ಒಗ್ಗಿಸುವ ಕೆಲಸವು ಆರಂಭವಾಗುವುದು. ೪೦ ಲೀಟರಿನ ತೊಟ್ಟಿಯಿಂದ ದಿನಕ್ಕೆ ೪ ಲೀಟರ್ ನೀರನ್ನು ತೆಗೆದು, ಅದೇ ಶಾಖದ ೪ ಲೀಟರ್ ಮನೆಯ ನೀರನ್ನು ಸುರಿಯಬೇಕು. ಮೊದಲನೆಯ ದಿನ ತಂದ ನೀರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉಳಿಯುವುದು. ಎರಡನೆಯ ದಿನ ಅದರ ಹತ್ತರಲ್ಲಿ ಒಂಬತ್ತು ಪಾಲು. ಹೀಗೆಯೇ ಲೆಕ್ಕ ಹಾಕುತ್ತ ಹೋದರೆ ಏಳನೆಯ ದಿನ ಅರ್ಧಕ್ಕೆ ತುಸು ಕಡಿಮೆ, ಹದಿನಾಲ್ಕನೆಯ ದಿನ ಕಾಲು ಭಾಗಕ್ಕೂ ಕಡಿಮೆ, ಇಪ್ಪತ್ತೊಂದನೆಯ ದಿನ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಉಳಿದಿರುವುದು. ಅಷ್ಟರಲ್ಲಿ ಮೀನು ತನಗೆ ಅರಿವಾಗದಂತೆಯೇ ಘಟ್ಟದ ನೀರಿನ ಮೀನಾಗಿರುವುದು. ಇದೇ ಕೆಲಸದಿಂದ ತೊಟ್ಟಿಯ ಮಲಿನವೂ ದಿನದಿನವೂ ಹೊರಹೋಗುವುದು. ಪ್ರತಿದಿನವೂ ಮಾಪಕದ ಅಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮನೆಯ ಹುಡುಗಿಯೊಬ್ಬಳಿಗೆ ವಹಿಸಿದರೆ ಗಣಿತವೂ ವಿಜ್ಞಾನವೂ ಒಟ್ಟಿಗೆ ಅಭ್ಯಾಸವಾಗುವುವು.

ಈ ಮೂರು ವಾರಗಳು ಇನ್ನೊಂದು ಕಾರಣಕ್ಕಾಗಿಯೂ ಬೇಕು. ಹೊಸ ಮೀನಿನೊಡನೆ ರೋಗವೂ ಬರಬಹುದು. ಉಪ್ಪಿನ ಕಣಗಳನ್ನು ಚೆಲ್ಲಿದಂತೆ ಮೈಮೇಲೆ ಕಾಣುವ ಬಿಳಿಚುಕ್ಕೆಯ ರೋಗವು ಒಂದು ಸೂಕ್ಷ್ಮ ಪರೋಪಜೀವಿಯಿಂದ ಉಂಟಾಗುವುದು. ಅದರ ಜೀವನಚಕ್ರವು ೨೫ ಡಿಗ್ರಿ ಶಾಖದಲ್ಲಿ ಸುಮಾರು ಒಂದು ವಾರದೊಳಗೆ ಮುಗಿಯುವುದು. ನೀರು ತಣ್ಣಗಾದಷ್ಟೂ ವಾರಗಟ್ಟಲೆ ಎಳೆಯುವುದು. ಹಾಗಾಗಿ ಬಯಲುಸೀಮೆಯಲ್ಲಿ ನಾಲ್ಕು ದಿನದಲ್ಲಿ ಕಾಣಿಸಿಕೊಳ್ಳುವ ರೋಗವು ಮಲೆನಾಡಿನ ಚಳಿಯಲ್ಲಿ ತಡವಾಗಿ ಕಾಣಿಸಬಹುದು. ಮೂರು ವಾರ ತುಂಬುವ ಮೊದಲು ಹೊಸ ಮೀನನ್ನು ಹಳೆಯವುಗಳ ಜೊತೆ ಸೇರಿಸಕೂಡದು. ನೀರನ್ನು ಕಾಯಿಸದ ತೊಟ್ಟಿಯಾದರೆ ಇನ್ನೆರಡು ವಾರ ಕಾಯುವುದು ಲೇಸು. ಎರಡು ತೊಟ್ಟಿಗಳಿಗೂ ಒಂದೇ ಬಲೆಯನ್ನು ಬಳಸುವುದೂ ಬೇಡ.

ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ವಿದ್ಯುತ್ತು ನಿಲ್ಲುವುದು ನಮ್ಮ ಕಡೆ ಅಪರೂಪವಲ್ಲ. ಆಗ ತೊಟ್ಟಿಯ ಬದಿಗಳಿಗೆ ಕಂಬಳಿಯನ್ನು ಹೊದಿಸಿ ಮೇಲಿನ ಬಾಯನ್ನು ತುಸು ತೆರೆದಿಟ್ಟರೆ ಶಾಖವು ಬೇಗ ಇಳಿಯದು. ಗಂಟೆಗೊಮ್ಮೆ ಲೋಟದಿಂದ ನೀರನ್ನೆತ್ತಿ ಮೇಲಿನಿಂದ ಸುರಿದರೆ ಗಾಳಿಯ ಆಮ್ಲಜನಕವು ನೀರಿಗೆ ಸೇರುವುದು. ವಿದ್ಯುತ್ತು ಬರುವ ತನಕ ಆಹಾರವನ್ನು ನಿಲ್ಲಿಸತಕ್ಕದ್ದು. ಆರೋಗ್ಯವಾದ ಮೀನು ಕೆಲವು ದಿನ ಉಪವಾಸವಿರಬಲ್ಲದು. ಕೆಟ್ಟ ನೀರಿನಲ್ಲಿ ಒಂದು ರಾತ್ರಿಯೂ ಇರಲಾರದು. ಇಂಥ ದಿನಗಳಿಗೆ ಹೆದರುವವರು ಹೊಸ ಮೀನನ್ನು ಆಷಾಢ ಶ್ರಾವಣಗಳಲ್ಲಿ ತರದೆ ಮಳೆ ನಿಂತ ಮೇಲೆ ತರುವುದು ಯುಕ್ತ.

೭. ಹೊಳೆಯ ವಿಷಯವಾಗಿ ನಮ್ಮ ಹೊಣೆ

ಮೀನು ಸಾಕಿ ಬೇಸರವಾದವರು ಅದನ್ನು ಹಳ್ಳಕ್ಕೆ ಬಿಟ್ಟು ಪುಣ್ಯ ಬಂತೆಂದು ತಿಳಿಯುವುದುಂಟು. ಇದು ದಯೆಯಂತೆ ತೋರಿದರೂ ದಯೆಯಲ್ಲ. ಬಿಟ್ಟ ಮೀನು ಸತ್ತರೆ ಅದಕ್ಕೆ ಹಾನಿ. ಬದುಕಿದರೆ ಹೊಳೆಗೆ ಹಾನಿ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ೧೯೨೮ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗಂಬೂಸಿಯ ಎಂಬ ಚಿಕ್ಕ ಮೀನು ಇಂದು ದೇಶದ ನಾನಾ ಕಡೆಗಳಲ್ಲಿ ನೆಲಸಿದೆ. ನಾಡಮೀನುಗಳ ಮೊಟ್ಟೆಮರಿಗಳನ್ನು ತಿನ್ನುವುದರಿಂದ ಲೋಕದ ಅತಿ ಹಾನಿಕರವಾದ ನೂರು ಪರಕೀಯ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರೂ ಸೇರಿದೆ. ತೊಟ್ಟಿಯ ಗಾಜಿನ ಪಾಚಿಯನ್ನು ತಿನ್ನಲೆಂದು ಮಾರುವ, ಮೈಯೆಲ್ಲ ಕವಚದಂತಿರುವ ಸಕ್ಕರ್ ಮೀನು ದಕ್ಷಿಣ ಭಾರತದ ಹಲವು ನದಿ ಕೆರೆಗಳಲ್ಲಿ ಸಂತಾನವನ್ನು ಬೆಳೆಸಿಕೊಂಡಿದೆ.

ಘಟ್ಟದ ನೆತ್ತಿಯಲ್ಲಿರುವ ನಮ್ಮ ಹೊಣೆಯು ಉಳಿದವರದಕ್ಕಿಂತ ಹೆಚ್ಚಿನದು. ಇಲ್ಲಿಯ ಒಂದು ಹಳ್ಳಕ್ಕೆ ಬಿಟ್ಟದ್ದು ಕಾವೇರಿಯ ಕಡೆಗೆ ಇಳಿಯಬಹುದು. ಇನ್ನೊಂದಕ್ಕೆ ಬಿಟ್ಟದ್ದು ನೇತ್ರಾವತಿಯ ಕಡೆಗೆ ಇಳಿಯಬಹುದು. ಬೇರೆಲ್ಲಿಯೂ ಇಲ್ಲದ ಅನೇಕ ಜಾತಿಯ ಮೀನುಗಳು ಪಶ್ಚಿಮಘಟ್ಟದ ಹೊಳೆಗಳಲ್ಲಿವೆ. ನಮ್ಮ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ಹಿಡಿಯದೆ ಕಾಪಾಡಿಕೊಂಡು ಬಂದಿರುವುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಅಂಥ ಆದರವು ಮನೆಯ ಪಕ್ಕದ ಹಳ್ಳಕ್ಕೂ ಸಲ್ಲತಕ್ಕದ್ದು. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಬೇಕು, ಇಲ್ಲವೆ ಸಾಕುವವರಿಗೆ ಕೊಡಬೇಕು. ಚೀಲದ ನೀರನ್ನೂ ತೊಟ್ಟಿಯಿಂದ ತೆಗೆದ ನೀರನ್ನೂ ಹಳ್ಳಕ್ಕೆ ಸುರಿಯದೆ ಹೂವಿನ ಗಿಡಗಳ ಬುಡಕ್ಕೆ ಹಾಕಬೇಕು. ಗಿಡಕ್ಕೆ ಅದು ಗೊಬ್ಬರವೇ. ಹಾಗೆಯೇ ಹೊಳೆಯ ಮೀನನ್ನು ಚೆಲುವೆಂದು ಹಿಡಿದು ತೊಟ್ಟಿಗೆ ತರುವುದೂ ತರವಲ್ಲ. ಕೇರಳದ ಹೊಳೆಗಳ ಡೆನಿಸನ್ ಬಾರ್ಬ್ ಎಂಬ ಕೆಂಪುಪಟ್ಟೆಯ ಮೀನು, ಅಲಂಕಾರದ ವ್ಯಾಪಾರಕ್ಕಾಗಿ ಮಿತಿಮೀರಿ ಹಿಡಿದುದರಿಂದಲೂ ಅಳಿವಿನ ಅಂಚಿಗೆ ಬಂದಿದೆ.

ಮಗುವಿನ ಕೈಗೆ ಒಂದು ಮೀನನ್ನು 
ಕೊಟ್ಟಾಗ ನಾವು ಆಟದ ವಸ್ತುವೊಂದನ್ನು ಕೊಟ್ಟೆವೆಂದು ತಿಳಿಯಬಾರದು; ಬಾಯಿಲ್ಲದ ಪ್ರಾಣಿಯೊಂದರ ಸುಖದುಃಖವನ್ನು ಒಪ್ಪಿಸಿದ್ದೇವೆ. ಅದು ಬಂದದ್ದೆಲ್ಲಿಂದ, ಅದಕ್ಕೆ ಏನು ಅಭ್ಯಾಸ, ಎಷ್ಟು ದಿನಗಳಲ್ಲಿ ಒಗ್ಗೀತು ಎಂದು ವಿಚಾರಿಸಿ ಇಪ್ಪತ್ತೊಂದು ದಿನ ಕಾಯಲು ಕಲಿತ ಮಗು, ಹೊಸದಾಗಿ ಮನೆಗೋ ಶಾಲೆಗೋ ಬಂದ ಯಾರನ್ನೂ ಒಂದೇ ದಿನದಲ್ಲಿ ಅಳೆದುಬಿಡಲಾರದು.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಕಡುನೀರಿನಿಂದ ಮೆದುನೀರಿಗೆ ಥಟ್ಟನೆ ಬಂದ ಮೀನಿನ ಕಿವಿರಿನಲ್ಲಿ ಆಗುವ ತೊಂದರೆಯೇನು? ಅದು ಮೊದಲನೆಯ ದಿನವೇ ಕಾಣಿಸದೆ ಇರಲು ಕಾರಣವೇನು?

೨. ದೂರ ಪ್ರಯಾಣ ಮಾಡಿದ ಮೀನಿನ ಚೀಲವನ್ನು ಬಿಚ್ಚಿ ಬಹಳ ಹೊತ್ತು ಇಡಬಾರದೇಕೆ?

೩. ೪೦ ಲೀಟರಿನ ತೊಟ್ಟಿಯಲ್ಲಿ ದಿನಕ್ಕೆ ೪ ಲೀಟರಿನ ಬದಲು ೮ ಲೀಟರ್ ನೀರನ್ನು ಬದಲಿಸಿದರೆ ಏಳನೆಯ ದಿನ ಮೊದಲಿನ ನೀರಿನಲ್ಲಿ ಎಷ್ಟು ಪಾಲು ಉಳಿಯುವುದು? ಅಷ್ಟು ವೇಗವು ಮೀನಿಗೆ ಹಿತವೇ?

೪. ನಿಮ್ಮ ಮನೆಯ ನೀರು ಎಲ್ಲಿಂದ ಬರುವುದು, ಬಳಸಿದ ಮೇಲೆ ಯಾವ ಹಳ್ಳವನ್ನು ಸೇರುವುದು, ಆ ಹಳ್ಳವು ಯಾವ ಕಡಲಿಗೆ ಹೋಗುವುದು ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು ಒಂದು ನಕ್ಷೆಯನ್ನು ಬರೆಯಿರಿ.